ನಡುರಾತ್ರಿಯ ಕೋರಿಕೆ: ‘ಪ್ಲೇ ಮಿಸ್ಟಿ ಫಾರ್ ಮಿ’ ಚಿತ್ರದ ಹಿಂದುಮುಂದು

‘ಪ್ಲೇ ಮಿಸ್ಟಿ ಫಾರ್ ಮಿ’ 1971ರಲ್ಲಿ ತೆರೆಕಂಡ ಅಮೆರಿಕದ ಚಿತ್ರ. ಕೌಬಾಯ್ ಪಾತ್ರಗಳಿಂದ ಹೆಸರಾಗಿದ್ದ ನಟ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ ಮೊದಲ ಚಿತ್ರವೂ ಇದೇ. ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಊರು ಕಾರ್ಮೆಲ್‌ನಲ್ಲಿ ರಾತ್ರಿ ಪಾಳಿಯ ರೇಡಿಯೊ ನಿರೂಪಕನೊಬ್ಬನಿಗೆ ಹೆಣ್ಣುದನಿಯೊಂದು ಮತ್ತೆ ಮತ್ತೆ ಫೋನ್ ಮಾಡಿ, ‘ಮಿಸ್ಟಿ’ ಎಂಬ ಜಾಝ್ ಸಂಗೀತವನ್ನು ಹಾಕು ಎಂದು ಕೇಳುತ್ತದೆ. ಮುಂದೆ ಇಬ್ಬರ ಭೇಟಿಯಾಗುತ್ತದೆ. ಒಂದು ರಾತ್ರಿಯ ಸಲಿಗೆಯನ್ನು ಅವಳು ಬಿಡಲಾರದ ನಂಟೆಂದು ತಿಳಿಯುತ್ತಾಳೆ; ಅವನು ಬಿಡಿಸಿಕೊಳ್ಳಲು ನೋಡಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಪ್ರೇಮದ ಹೆಸರಿನಲ್ಲಿ ಹೀಗೆ ಬೆನ್ನುಬೀಳುವುದನ್ನೇ ಒಂದು ಅಪರಾಧವೆಂದು ಎಣಿಸುವ ಕಾನೂನು ಆಗ ಆ ರಾಜ್ಯದಲ್ಲಿ ಇರಲಿಲ್ಲ. ಅದು ಹುಟ್ಟಲು ಇನ್ನೂ 19 ವರ್ಷ ಹಿಡಿಯಿತು.

ಪ್ರೇಮದ ಹುಚ್ಚು ಹಾಲಿವುಡ್‌ಗೆ ಹೊಸದೇನಲ್ಲ. 1945ರ ‘ಲೀವ್ ಹರ್ ಟು ಹೆವನ್’ ಚಿತ್ರದಲ್ಲಿ ಗಂಡನನ್ನು ಯಾರೊಂದಿಗೂ ಹಂಚಿಕೊಳ್ಳಲಾರದ ಹೆಂಡತಿ ಅವನ ತಮ್ಮನನ್ನೇ ಕಣ್ಣೆದುರು ಮುಳುಗಲು ಬಿಡುತ್ತಾಳೆ. ಹಿಚ್‌ಕಾಕ್‌ನ ‘ವರ್ಟಿಗೊ’ (1958) ಚಿತ್ರದ ನಾಯಕ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಬೀದಿಯಲ್ಲಿ ಒಬ್ಬಳ ಕಾರಿನ ಹಿಂದೆ ಅಲೆಯುತ್ತಾನೆ. ವಿಲಿಯಂ ವೈಲರ್‌ನ ‘ದಿ ಕಲೆಕ್ಟರ್’ (1965) ಚಿತ್ರದಲ್ಲಿ ಚಿಟ್ಟೆ ಸಂಗ್ರಹಿಸುವ ಹವ್ಯಾಸದವನು ಹುಡುಗಿಯನ್ನೇ ಹಿಡಿದು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾನೆ. ಇವೆಲ್ಲ ದೊಡ್ಡ ಚಿತ್ರಗಳೇ. ಆದರೆ ಅಲ್ಲಿನ ಹುಚ್ಚು ಎಲ್ಲೋ ದೂರದ್ದು. ಸಾಮಾನ್ಯ ಪ್ರೇಕ್ಷಕನ ಮನೆಬಾಗಿಲಿಗೆ ಬರುವಂಥದ್ದಲ್ಲ. ಈಸ್ಟ್‌ವುಡ್ ಅದನ್ನು ಹೊಸಿಲಿಗೇ ತಂದು ನಿಲ್ಲಿಸಿದ.

ಕಥೆಯ ಮೂಲ ಜೋ ಹೈಮ್ಸ್ ಎಂಬ ಲೇಖಕಿಯದು. ಈಸ್ಟ್‌ವುಡ್‌ಗೆ ಆಕೆ ಹಳೆಯ ಪರಿಚಯ. ಚಿತ್ರಕಥೆಯನ್ನು ಆಕೆಯೊಂದಿಗೆ ಡೀನ್ ರೀಸ್ನರ್ ಸಿದ್ಧಪಡಿಸಿದ. ಮೂಲದಲ್ಲಿ ಕಥೆ ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತಿತ್ತು. ಅದನ್ನು ಕಾರ್ಮೆಲ್‌ಗೆ ಸ್ಥಳಾಂತರಿಸಿದ್ದು ಈಸ್ಟ್‌ವುಡ್. ಐವತ್ತರ ದಶಕದ ಆರಂಭದಲ್ಲಿ ಸಮೀಪದ ಫೋರ್ಟ್ ಆರ್ಡ್ ಸೇನಾ ಶಿಬಿರದಲ್ಲಿದ್ದಾಗಲೇ ಅವನಿಗೆ ಆ ಸೀಮೆಯ ನಂಟು ಬೆಳೆದಿತ್ತು. ಅವನ ನಿರ್ಮಾಣ ಸಂಸ್ಥೆ ‘ಮಾಲ್ಪಾಸೊ’ದ ಹೆಸರೂ ಅಲ್ಲಿನ ಹಳ್ಳವೊಂದರದು. ಯೂನಿವರ್ಸಲ್ ಸಂಸ್ಥೆ ನಟನ ಕೈಗೆ ನಿರ್ದೇಶನ ಕೊಡಲು ಒಪ್ಪಿತು, ಆದರೆ ಆ ಕೆಲಸಕ್ಕೆ ಬೇರೆ ಸಂಭಾವನೆ ಕೊಡಲಿಲ್ಲ. ಖರ್ಚು ಹತ್ತು ಲಕ್ಷ ಡಾಲರ್ ಮುಟ್ಟಲಿಲ್ಲ. ಈಸ್ಟ್‌ವುಡ್‌ಗೆ ಕಸುಬು ಕಲಿಸಿದ ನಿರ್ದೇಶಕ ಡಾನ್ ಸೀಗಲ್ ಬಾರಿನ ಪರಿಚಾರಕನ ಸಣ್ಣ ಪಾತ್ರ ಮಾಡಿದ. ಮೊದಲ ಸಲ ಕ್ಯಾಮೆರಾದ ಹಿಂದೆ ನಿಂತವನಿಗೆ ಗುರು ಎದುರಿಗಿರುವುದು ಧೈರ್ಯವೋ ಅಳುಕೋ ಹೇಳುವುದು ಕಷ್ಟ.

ಊರು ಮತ್ತು ಕಸುಬು ಎರಡೂ ಈ ಕಥೆಗೆ ಹೇಳಿ ಮಾಡಿಸಿದಂತಿದ್ದವು. ಕಲಾವಿದರ ನೆಲೆಯಾಗಿ ಬೆಳೆದ ಕಾರ್ಮೆಲ್‌ನಲ್ಲಿ ಆಗ ಮನೆಗಳಿಗೆ ಸಂಖ್ಯೆಯೇ ಇರಲಿಲ್ಲ. ಜನ ಅಂಚೆ ಕಚೇರಿಗೆ ಹೋಗಿ ಕಾಗದಗಳನ್ನು ತರುತ್ತಿದ್ದರು. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಇಂಥ ಊರಿನಲ್ಲಿ ಅಡಗುವುದಕ್ಕೆ ಜಾಗವಿಲ್ಲ. ಇನ್ನು ಸ್ಥಳೀಯ ರೇಡಿಯೊದ ರಾತ್ರಿ ನಿರೂಪಕನ ಕೆಲಸವೆಂದರೆ ಸಾವಿರಾರು ಜನರೊಂದಿಗೆ ಮಾತನಾಡುತ್ತಲೇ ಒಬ್ಬೊಬ್ಬರಿಗೂ ತನ್ನ ಕಿವಿಯಲ್ಲೇ ಉಸುರಿದಂತೆ ಅನಿಸುವಂತೆ ಮಾಡುವುದು. ವಿವಿಧ ಭಾರತಿಗೆ, ರೇಡಿಯೊ ಸಿಲೋನ್‌ಗೆ ಕಾರ್ಡು ಬರೆದು ಮೆಚ್ಚಿನ ಹಾಡಿಗಾಗಿ ಕಾದ ಕೇಳುಗರಿಗೂ ಈ ಭ್ರಮೆಯ ಸುಖ ಗೊತ್ತು. ಆದರೆ ಅಂಚೆ ಕಾರ್ಡಿಗೂ ನಿರೂಪಕನ ಮೇಜಿಗೂ ನಡುವೆ ದಿನಗಟ್ಟಲೆ ಅಂತರವಿತ್ತು. ಫೋನು ಆ ಅಂತರವನ್ನು ಅಳಿಸಿತು. ಕೇಳುಗಳ ಉಸಿರು ನೇರ ಸ್ಟುಡಿಯೊಗೇ ಬಂತು.

ಚಿತ್ರದ ನಿಜವಾದ ಸತ್ವ ಇರುವುದು ಅದರ ನಡುಭಾಗದಲ್ಲಿ. ಫೋನ್ ಮಾಡುವ ಎವಲಿನ್ ಡ್ರೇಪರ್ ಪಾತ್ರದ ಜೆಸ್ಸಿಕಾ ವಾಲ್ಟರ್ ಮೊದಲ ದೃಶ್ಯದಿಂದಲೇ ಹುಚ್ಚಿಯಂತೆ ಕಾಣುವುದಿಲ್ಲ. ಹೇಳದೆ ಕೇಳದೆ ಅಡುಗೆ ಸಾಮಾನು ಹಿಡಿದು ನಿರೂಪಕನ ಮನೆಗೆ ಬರುತ್ತಾಳೆ. ಅವನು ಬೇಸರ ತೋರಿದರೆ ಅಳುತ್ತಾಳೆ, ಅತ್ತಮೇಲೆ ನಗುತ್ತಾಳೆ. ಬಿಟ್ಟುಬಿಡು ಎಂದಾಗ ಮಣಿಕಟ್ಟು ಕೊಯ್ದುಕೊಳ್ಳುತ್ತಾಳೆ. ಮಾನವೀಯತೆಗಾಗಿ ಅವನು ಆರೈಕೆ ಮಾಡಿದರೆ ಅದೇ ಪ್ರೀತಿಗೆ ಸಾಕ್ಷಿಯಾಗುತ್ತದೆ. ಅವನಿಗೆ ಕೆಲಸ ಕೊಡಿಸಬಲ್ಲ ಹಿರಿಯ ಮಹಿಳೆಯೊಂದಿಗೆ ಅವನು ಊಟಕ್ಕೆ ಕುಳಿತಿದ್ದಾಗ ನುಗ್ಗಿ ಮಾನ ಕಳೆಯುತ್ತಾಳೆ. ಕೊನೆಗೆ ಮನೆಗೆಲಸದವಳ ಮೇಲೆ ಚೂರಿ ಬೀಸಿ ಆಸ್ಪತ್ರೆ ಸೇರುತ್ತಾಳೆ. ಎಲ್ಲ ಮುಗಿಯಿತು ಎನ್ನುವಾಗ ಮತ್ತದೇ ಫೋನು, ಮತ್ತದೇ ಕೋರಿಕೆ. ಕರೆ, ಹಠಾತ್ ಭೇಟಿ, ಆತ್ಮಹತ್ಯೆಯ ಬೆದರಿಕೆ, ಉದ್ಯೋಗಕ್ಕೆ ಪೆಟ್ಟು, ಸುಳ್ಳು ನೆಮ್ಮದಿ, ಮರಳಿ ದಾಳಿ: ಮುಂದೆ ಪೊಲೀಸರೂ ಮನೋವೈದ್ಯರೂ ಇಂಥ ಪ್ರಕರಣಗಳಲ್ಲಿ ಗುರುತಿಸಿದ ಲಕ್ಷಣಗಳಲ್ಲಿ ಬಹುಪಾಲು ಇಲ್ಲಿ ಆಗಲೇ ಇವೆ. ಚೂರಿ ಬೀಸುವ ತನಕ ಪೊಲೀಸರಿಗೆ ಇಲ್ಲಿ ಕೆಲಸವಿಲ್ಲ ಎಂಬುದೂ ಆ ಕಾಲಕ್ಕೆ ತಕ್ಕ ಚಿತ್ರಣವೇ.

ಸಂಗೀತಕ್ಕೆ ಚಿತ್ರದಲ್ಲಿ ದೊಡ್ಡ ಪಾಲಿದೆ. ‘ಮಿಸ್ಟಿ’ಯನ್ನು ಸ್ವರಲಿಪಿ ಓದಲು ಬಾರದ ಪಿಯಾನೊ ವಾದಕ ಎರೊಲ್ ಗಾರ್ನರ್ 1954ರಲ್ಲಿ ಸಂಯೋಜಿಸಿದ್ದ. ಮಾಂಟೆರಿ ಜಾಝ್ ಉತ್ಸವದ ದೃಶ್ಯಗಳನ್ನು ನಿಜವಾದ ಉತ್ಸವದಲ್ಲೇ ತೆಗೆಯಲಾಯಿತು. ರಾಬರ್ಟಾ ಫ್ಲಾಕ್ 1969ರ ಧ್ವನಿಸುರುಳಿಯೊಂದರಲ್ಲಿ ಹಾಡಿ ಹೆಚ್ಚು ಜನರ ಕಿವಿಗೆ ಬೀಳದೆ ಉಳಿದಿದ್ದ ‘ದಿ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್’ ಈ ಚಿತ್ರದಿಂದಾಗಿ 1972ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಹಾಡು ಮತ್ತು ಉತ್ಸವ ಸೇರಿ ಕಥೆಯ ಬಿಗಿಯನ್ನು ಸಡಿಲಿಸುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ.

ಬೆನ್ನುಬೀಳುವುದರ ವಿರುದ್ಧ ಕಾನೂನು ಬಂದದ್ದು ನಿಜ ಜೀವನದ ಸಾವೊಂದರ ಬೆನ್ನಿಗೆ. 1989ರ ಜುಲೈ 18ರಂದು ಕಿರುತೆರೆ ನಟಿ ರೆಬೆಕಾ ಶೆಫರ್‌ಳನ್ನು ಲಾಸ್ ಏಂಜಲೀಸ್‌ನ ಅವಳ ಮನೆಬಾಗಿಲಲ್ಲೇ ಅಭಿಮಾನಿಯೊಬ್ಬ ಗುಂಡಿಟ್ಟು ಕೊಂದ. ಅವಳ ವಿಳಾಸವನ್ನು ಅವನು ಖಾಸಗಿ ಪತ್ತೇದಾರನ ಮೂಲಕ ವಾಹನ ನೋಂದಣಿ ಇಲಾಖೆಯ ದಾಖಲೆಗಳಿಂದ ಪಡೆದಿದ್ದ. 1990ರಲ್ಲಿ ಕ್ಯಾಲಿಫೋರ್ನಿಯಾ ದೇಶದಲ್ಲೇ ಮೊದಲ ಬಾರಿಗೆ ಬೆನ್ನುಬೀಳುವುದನ್ನು ಪ್ರತ್ಯೇಕ ಅಪರಾಧವಾಗಿಸಿತು. ಉಳಿದ ರಾಜ್ಯಗಳು ಕೆಲವೇ ವರ್ಷಗಳಲ್ಲಿ ಅನುಸರಿಸಿದವು. ವಾಹನ ದಾಖಲೆಗಳ ಗುಟ್ಟು ಕಾಯುವ ಒಕ್ಕೂಟ ಕಾಯ್ದೆ 1994ರಲ್ಲಿ ಬಂತು.

ಈ ನಡುವೆ ಹಾಲಿವುಡ್ ಎವಲಿನ್‌ಳ ಅಚ್ಚನ್ನೇ ನೆಚ್ಚಿಕೊಂಡಿತ್ತು. 1987ರ ‘ಫೇಟಲ್ ಅಟ್ರಾಕ್ಷನ್’ ಅದರ ಅತ್ಯಂತ ಯಶಸ್ವಿ ಫಸಲು. ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ನಾಯಕಿ ಆತ್ಮಹತ್ಯೆ ಮಾಡಿಕೊಂಡು, ಕೊಲೆಯ ಆರೋಪ ಅವಳನ್ನು ಬಳಸಿ ಬಿಟ್ಟ ಗಂಡಸಿನ ಮೇಲೆ ಬೀಳುತ್ತಿತ್ತು. ಪರೀಕ್ಷಾ ಪ್ರದರ್ಶನದ ಪ್ರೇಕ್ಷಕರಿಗೆ ಅದು ರುಚಿಸಲಿಲ್ಲ. ನಟಿ ಗ್ಲೆನ್ ಕ್ಲೋಸ್ ವಿರೋಧಿಸಿದರೂ ಹೆಂಡತಿಯ ಗುಂಡಿಗೆ ಅವಳು ಸಾಯುವಂತೆ ಮರುಚಿತ್ರೀಕರಣವಾಯಿತು. ವಾಸ್ತವದಲ್ಲಿ ಬೆನ್ನುಬೀಳುವವರಲ್ಲಿ ಹೆಚ್ಚಿನವರು ಗಂಡಸರು, ಕಾಟಕ್ಕೊಳಗಾಗುವವರಲ್ಲಿ ಹೆಚ್ಚಿನವರು ಹೆಂಗಸರು. ತೆರೆ ಅದನ್ನು ತಿರುವಿಹಾಕಿ ಲಾಭ ಮಾಡಿತು.

ಭಾರತದಲ್ಲಿ ದಾರಿ ಬೇರೆಯಾಯಿತು. ಇಲ್ಲಿ ಹುಡುಗಿಯ ಹಿಂದೆ ಹಾಡುತ್ತ ಅಲೆಯುವುದು ಮೊದಲಿನಿಂದ ನಾಯಕನ ಹಕ್ಕೇ ಆಗಿತ್ತು. ಯಶ್ ಚೋಪ್ರಾ 1993ರ ‘ಡರ್’ನಲ್ಲಿ ಆ ಚಾಳಿಯನ್ನು ಖಳನಿಗೆ ಕೊಟ್ಟರು. ಶಾರುಖ್ ಖಾನ್ ಬೆನ್ನುಬಿದ್ದವನಾದರೆ, ಕನ್ನಡಿಗರಿಗೆ 1987ರ ‘ಪ್ರೇಮಲೋಕ’ದಿಂದ ಪರಿಚಿತರಾಗಿದ್ದ ಜೂಹಿ ಚಾವ್ಲಾ ಬೇಟೆಯಾದರು. ಇಲ್ಲೂ ಫೋನೇ ಮುಖ್ಯ ಆಯುಧ. ಆದರೆ ಪ್ರೇಕ್ಷಕರ ಮರುಕ ನಾಯಕ ಸನ್ನಿ ಡಿಯೋಲ್‌ನನ್ನು ಬಿಟ್ಟು ತೊದಲುವ ಖಳನತ್ತ ವಾಲಿತು. 2000ದಲ್ಲಿ ಡಿ. ರಾಜೇಂದ್ರಬಾಬು ಇದನ್ನು ಕನ್ನಡದಲ್ಲಿ ‘ಪ್ರೀತ್ಸೆ’ ಎಂದು ಮಾಡಿದರು. ನಾಯಕ ಶಿವರಾಜ್‌ಕುಮಾರ್, ನಾಯಕಿ ಸೋನಾಲಿ ಬೇಂದ್ರೆ, ಹುಚ್ಚು ಪ್ರೇಮಿ ಉಪೇಂದ್ರ. ‘ಎ’ ಮತ್ತು ‘ಉಪೇಂದ್ರ’ ಚಿತ್ರಗಳ ಗುಂಗಿನಲ್ಲಿದ್ದ ಅಭಿಮಾನಿಗಳ ಮುಂದೆ ಆ ಪಾತ್ರವನ್ನು ಅವರಿಗೆ ಕೊಟ್ಟಮೇಲೆ ಅದು ಬರೀ ಖಳಪಾತ್ರವಾಗಿ ಉಳಿಯುವ ಸಂಭವವೇ ಇರಲಿಲ್ಲ.

ಭಾರತದ ಕಾನೂನು ಎಚ್ಚೆತ್ತದ್ದು 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ಹಿನ್ನೆಲೆಯಲ್ಲಿ 2013ರ ತಿದ್ದುಪಡಿ ದಂಡ ಸಂಹಿತೆಗೆ 354ಡಿ ಕಲಮನ್ನು ಸೇರಿಸಿತು. 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಮನಸ್ಸಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಮಹಿಳೆಯನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಇದರಡಿ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಶಿಕ್ಷೆ. ಮೊದಲ ಸಲದ್ದಕ್ಕೆ ಜಾಮೀನು ಆರೋಪಿಯ ಹಕ್ಕು, ಎರಡನೆಯದಕ್ಕೆ ಹಾಗಿಲ್ಲ. ಕಲಮಿನ ಮಾತುಗಳಂತೆ ಆರೋಪಿ ಪುರುಷನೇ ಆಗಿರಬೇಕು. ‘ಡರ್’ನ ಪ್ರೇಮಿ ಇದರ ಕೈಗೆ ಸಿಗುತ್ತಾನೆ, ಎವಲಿನ್ ಸಿಗುವುದಿಲ್ಲ.