ಕೇಳಿದ ಪ್ರಶ್ನೆ, ಬರೆದ ಶೀರ್ಷಿಕೆ: ಟಿಬೆಟನ್ನರ ಜನಮತಗಣನೆಯ ಕಥೆ

ಹನಗೋಡು, ಹುಣಸೂರು, ಪಿರಿಯಾಪಟ್ಟಣದ ಕಡೆಯ ವಿದ್ಯಾರ್ಥಿಗಳಿಗೆ ಟಿಬೆಟನ್ನರು ಹೊಸಬರಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಜಪಮಾಲೆ ಎಣಿಸುತ್ತ ಕುಳಿತ ಅಜ್ಜಿಯನ್ನು ನೀವು ನೋಡಿರುತ್ತೀರಿ. ಚಳಿಗಾಲದಲ್ಲಿ ಅವರಿಂದ ಸ್ವೆಟರ್ ಕೊಂಡಿರುತ್ತೀರಿ. 1960ರಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಅವರಿಗೆ ಬಿಟ್ಟುಕೊಟ್ಟಿತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆ ಎದ್ದಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದ ಆ ಜನರ ಮುಂದೆ 1990ರ ದಶಕದಲ್ಲಿ ಒಂದು ದೊಡ್ಡ ಪ್ರಶ್ನೆ ಬಂತು. ಊರಿಗೆ ಮರಳುವ ದಾರಿ ಯಾವುದು? ಚೀನಾದೊಡನೆ ರಾಜಿಯೇ, ಪೂರ್ಣ ಸ್ವಾತಂತ್ರ್ಯವೇ? ಇತಿಹಾಸ ಓದುವ ನೀವು ಈ ಪ್ರಶ್ನೆಯನ್ನು ಗಮನಿಸಬೇಕು. ಅದಕ್ಕಿಂತ ಹೆಚ್ಚಾಗಿ, ಅದಕ್ಕೆ ಸಿಕ್ಕ ಉತ್ತರ ಅಚ್ಚಿನಲ್ಲಿ ಏನಾಯಿತು ಎಂಬುದನ್ನು ಗಮನಿಸಬೇಕು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ದಂಗೆಯೆದ್ದಿತು. ದಲಾಯಿ ಲಾಮಾ ಭಾರತಕ್ಕೆ ಬಂದರು, ಸಾವಿರಾರು ಜನ ಹಿಂದೆಯೇ ಬಂದರು. 1988ರ ಜೂನ್ 15ರಂದು ದಲಾಯಿ ಲಾಮಾ ಸ್ಟ್ರಾಸ್‌ಬರ್ಗ್‌ನಲ್ಲಿ, ಚೀನಾದ ಒಳಗೇ ನಿಜವಾದ ಸ್ವಾಯತ್ತತೆ ದೊರೆತರೆ ಸಾಕು ಎಂಬ ಅರ್ಥದ ಪ್ರಸ್ತಾಪವನ್ನು ಮುಂದಿಟ್ಟರು. ಸಮುದಾಯ ಒಡೆದದ್ದು ಅಲ್ಲಿ. 1970ರಲ್ಲಿ ಸ್ಥಾಪನೆಯಾದ ಟಿಬೆಟನ್ ಯುವ ಕಾಂಗ್ರೆಸ್ ಸ್ವಾತಂತ್ರ್ಯಕ್ಕಿಂತ ಕಡಿಮೆ ಯಾವುದೂ ಬೇಡ ಎಂದಿತು. ಮಾತುಕತೆಯೂ ಮುಂದೆ ಸಾಗಲಿಲ್ಲ. ಆಗ ದಲಾಯಿ ಲಾಮಾ ಜನರನ್ನೇ ಕೇಳೋಣ ಎಂದರು. 1995ರ ಮಾರ್ಚ್ 10ರ ಹೇಳಿಕೆಯಲ್ಲಿ ಜನಮತಗಣನೆಯ ಮಾತು ಬಂತು.

ಜನರ ಮುಂದೆ ನಾಲ್ಕು ದಾರಿಗಳಿದ್ದವು: ಮಧ್ಯಮ ಮಾರ್ಗ, ಪೂರ್ಣ ಸ್ವಾತಂತ್ರ್ಯ, ಸ್ವಯಂನಿರ್ಣಯ, ಸತ್ಯಾಗ್ರಹ. ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು ನೋಡಿ. ‘ಮಧ್ಯಮ ಮಾರ್ಗ’ ಎಂದೊಡನೆ ನಿಮಗೇ ಬುದ್ಧನ ನೆನಪಾಗುತ್ತದೆ. ಇನ್ನು ಮಠದ ನೆರಳಿನಲ್ಲಿ ಬೆಳೆದ ಬೌದ್ಧರಿಗೆ? ಅದೊಂದು ರಾಜಕೀಯ ನೀತಿ ಮಾತ್ರವಾಗಿ ಕೇಳಿಸುವುದಿಲ್ಲ, ಧರ್ಮದ ಮಾತಾಗಿಯೂ ಕೇಳಿಸುತ್ತದೆ. ಅದೇ ನೀತಿಯನ್ನು ‘ಚೀನಾದ ಅಡಿಯಲ್ಲಿ ಸ್ವಾಯತ್ತತೆ’ ಎಂದು ಕರೆದಿದ್ದರೆ ಅದೇ ಕಿವಿಗೆ ಬೇರೆಯಾಗಿ ತಟ್ಟುತ್ತಿತ್ತು. ಎದುರಿನವರ ಬಳಿಯೂ ಒಂದು ಬಲವಾದ ಪದವಿತ್ತು: ‘ರಂಗ್‌ಜೆನ್’, ಅಂದರೆ ಸ್ವಾತಂತ್ರ್ಯ. ಸತ್ಯಾಗ್ರಹದ ದಾರಿಯನ್ನು ಮುಂದಿಟ್ಟವರು ಆಗ ದೇಶಾಂತರ ಸಂಸತ್ತಿನ ಅಧ್ಯಕ್ಷರಾಗಿದ್ದ ಸಾಮ್‌ದೋಂಗ್ ರಿಂಪೋಚೆ. ಆ ಪದವನ್ನು ಅವರು ಗಾಂಧೀಜಿಯಿಂದ ಪಡೆದರು. ಪತ್ರಿಕೆಯವರು ಲೇಖನಿ ಎತ್ತುವ ಮೊದಲೇ ಪದಗಳು ಅರ್ಧ ಕೆಲಸ ಮುಗಿಸಿದ್ದವು.

ಪತ್ರಿಕೆಗಳ ವಿಷಯಕ್ಕೆ ಬರೋಣ. ಟಿಬೆಟನ್ ಪತ್ರಿಕೋದ್ಯಮ ಚಿಕ್ಕದಾದರೂ ಹಳೆಯದು. 1925ರಲ್ಲಿಯೇ ಕಾಲಿಂಪಾಂಗಿನಲ್ಲಿ ಥಾರ್ಚಿನ್ ಎಂಬವರು ಟಿಬೆಟನ್ ಭಾಷೆಯ ಪತ್ರಿಕೆ ಆರಂಭಿಸಿದ್ದರು. 1990ರ ದಶಕದಲ್ಲಿ ಧರ್ಮಶಾಲಾದ ಆಡಳಿತದ ವಾರ್ತಾ ಇಲಾಖೆಯೇ ಟಿಬೆಟನ್ನಿನಲ್ಲಿ ‘ಶೇಜಾ’ ಹೊರಡಿಸುತ್ತಿತ್ತು. ಇಂಗ್ಲಿಷಿನ ಮಾಸಿಕ ‘ಟಿಬೆಟನ್ ರಿವ್ಯೂ’ ಭಿನ್ನಾಭಿಪ್ರಾಯಕ್ಕೆ ಜಾಗ ಕೊಟ್ಟಿತು, ಆದರೆ ಅದನ್ನು ಓದಲು ಇಂಗ್ಲಿಷ್ ಬರಬೇಕಿತ್ತು. ಜನರ ಭಾಷೆಯಲ್ಲೇ, ಆಡಳಿತದ ಹಂಗಿಲ್ಲದೆ ಬರೆಯುತ್ತಿದ್ದುದು 1990ರಲ್ಲಿ ಆರಂಭವಾದ ‘ಮಂಗ್‌ತ್ಸೊ’. ಹೆಸರಿನ ಅರ್ಥವೇ ಪ್ರಜಾಪ್ರಭುತ್ವ. ಅದು 1996ರಲ್ಲಿ ನಿಂತುಹೋಯಿತು. ಜನಮತಗಣನೆಯ ಚರ್ಚೆ ನಡೆಯುತ್ತಿದ್ದ ವರ್ಷಗಳವು ಎಂಬುದನ್ನು ಮರೆಯಬೇಡಿ. ಹೊಲದ ಕೆಲಸ ಮುಗಿಸಿ ಬಂದ ಗುರುಪುರದ ರೈತನಿಗೆ ನಾಲ್ಕು ದಾರಿಗಳ ಒಳಿತು ಕೆಡುಕುಗಳನ್ನು ಅವನ ಭಾಷೆಯಲ್ಲಿ ತೂಗಿ ತೋರಿಸುವ ಅಚ್ಚಿನ ಹಾಳೆಗಳಲ್ಲಿ ಒಂದು ಕಡಿಮೆಯಾಯಿತು.

ಕೊನೆಗೆ ಜನಮತಗಣನೆ ನಡೆಯಲೇ ಇಲ್ಲ. ಅದಕ್ಕೆ ಪೂರ್ವಭಾವಿಯಾಗಿ ಅಭಿಪ್ರಾಯ ಸಂಗ್ರಹ ನಡೆಯಿತು. ಟಿಬೆಟಿನ ಒಳಗಿನಿಂದಲೂ ಸಾಧ್ಯವಾದಷ್ಟು ಸಲಹೆಗಳನ್ನು ತರಿಸಿಕೊಂಡರು. ಬಂದ ಅಭಿಪ್ರಾಯಪತ್ರಗಳಲ್ಲಿ ಶೇ. 64ಕ್ಕೂ ಹೆಚ್ಚಿನವು ಹೇಳಿದ್ದು ಇಷ್ಟು: ಜನಮತಗಣನೆ ಬೇಡ, ಮಧ್ಯಮ ಮಾರ್ಗವನ್ನು, ಅಥವಾ ಕಾಲಕಾಲಕ್ಕೆ ದಲಾಯಿ ಲಾಮಾ ಕೈಗೊಳ್ಳುವ ಯಾವುದೇ ತೀರ್ಮಾನವನ್ನು ಬೆಂಬಲಿಸುತ್ತೇವೆ. 1997ರ ಸೆಪ್ಟೆಂಬರ್ 18ರಂದು ದೇಶಾಂತರ ಸಂಸತ್ತು ಅದರಂತೆ ಸರ್ವಾನುಮತದಿಂದ ನಿರ್ಣಯ ಮಾಡಿತು.

ಈಗ ನೀವೇ ಉಪಸಂಪಾದಕರ ಕುರ್ಚಿಯಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಶೀರ್ಷಿಕೆ ಏನು ಕೊಡುತ್ತೀರಿ? ‘ಮಧ್ಯಮ ಮಾರ್ಗಕ್ಕೆ ಶೇ. 64 ಬೆಂಬಲ.’ ‘ಮತದಾನವೇ ಬೇಡ ಎಂದ ಟಿಬೆಟನ್ನರು.’ ‘ತೀರ್ಮಾನ ದಲಾಯಿ ಲಾಮಾಗೆ ಬಿಟ್ಟ ಜನ.’ ಇವು ನಾನು ಉದಾಹರಣೆಗೆ ಕಟ್ಟಿದ ಶೀರ್ಷಿಕೆಗಳು. ಮೂರರಲ್ಲೂ ಸುಳ್ಳಿಲ್ಲ. ಆದರೆ ಮೊದಲನೆಯದನ್ನು ಓದಿದವನು ಒಂದು ನೀತಿ ಗೆದ್ದಿತು ಎಂದು ತಿಳಿಯುತ್ತಾನೆ, ಎರಡನೆಯದನ್ನು ಓದಿದವನು ಪ್ರಜಾಪ್ರಭುತ್ವ ಸೋತಿತು ಎಂದು, ಮೂರನೆಯದನ್ನು ಓದಿದವನು ಭಕ್ತಿ ಗೆದ್ದಿತು ಎಂದು. ಶೇ. 64 ಎನ್ನುವುದು ಟಿಬೆಟನ್ನರಲ್ಲಿ ಅಲ್ಲ, ಬಂದ ಪತ್ರಗಳಲ್ಲಿ ಎಂಬುದು ಮೂರರಲ್ಲೂ ಇಲ್ಲ.

ನನ್ನ ಅಭಿಪ್ರಾಯ ಹೇಳುವುದಾದರೆ, ನಡೆದದ್ದಕ್ಕೆ ಹತ್ತಿರವಾದದ್ದು ಮೂರನೆಯದು. ಆದರೆ ಆಡಳಿತದ ಬರಹಗಳಲ್ಲಿ ಉಳಿದುಕೊಂಡದ್ದು ಮೊದಲನೆಯದು. ಮಧ್ಯಮ ಮಾರ್ಗವನ್ನು ಜನರೇ ಪ್ರಜಾಸತ್ತಾತ್ಮಕವಾಗಿ ಆರಿಸಿದರು ಎಂದು ಅವು ಹೇಳುತ್ತ ಬಂದಿವೆ. ವಾಕ್ಯದ ನಡುವಿನ ‘ಅಥವಾ’ ಎಲ್ಲೋ ಜಾರಿಬಿದ್ದಿದೆ. ಹಾಗೆಂದು ಪತ್ರ ಬರೆದ ಅಜ್ಜಿಯನ್ನು ಏನೂ ತಿಳಿಯದವಳೆಂದು ಭಾವಿಸಬೇಡಿ. ಮನೆ ಕಳೆದುಕೊಂಡ ಜನ ಒಡೆದು ಹೋಳಾಗುವುದಕ್ಕಿಂತ ಒಬ್ಬ ನಾಯಕನ ಹಿಂದೆ ನಿಲ್ಲುವುದು ಲೇಸು ಎಂದರೆ, ಅದೂ ಒಂದು ರಾಜಕೀಯ ನಿಲುವೇ.

ಹೊರಗಿನ ಎರಡು ನಿದರ್ಶನಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಉತ್ತರ ಐರ್ಲೆಂಡಿನಲ್ಲಿ 1998ರ ಮೇ 22ರಂದು ಶಾಂತಿ ಒಪ್ಪಂದದ ಮೇಲೆ ಮತದಾನ ನಡೆದು ಶೇ. 71 ಮಂದಿ ಒಪ್ಪಿದರು. ಅಲ್ಲಿ ಕ್ಯಾಥೊಲಿಕರು ಹೆಚ್ಚಾಗಿ ಓದುವುದು ‘ಐರಿಷ್ ನ್ಯೂಸ್’, ಪ್ರಾಟೆಸ್ಟೆಂಟರು ಓದುವುದು ‘ನ್ಯೂಸ್ ಲೆಟರ್’. ಒಂದನ್ನೊಂದು ಒಪ್ಪದ ಈ ಎರಡೂ ಪತ್ರಿಕೆಗಳು ಆಗ ಒಪ್ಪಂದದ ಪರ ನಿಂತವು. ಕೊಲಂಬಿಯಾದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. 2016ರ ಅಕ್ಟೋಬರ್ 2ರಂದು ಅಲ್ಲಿನ ಜನ 297 ಪುಟಗಳ ಒಪ್ಪಂದವನ್ನು ಕೂದಲೆಳೆಯಷ್ಟು ಅಂತರದಲ್ಲಿ ತಿರಸ್ಕರಿಸಿದರು. ‘ಬೇಡ’ ಎಂದವರು ಶೇ. 50.2. ಒಪ್ಪಂದವನ್ನು ವಿವರಿಸುವ ಬದಲು ಜನರ ಕೋಪವನ್ನು ಕೆರಳಿಸುವುದೇ ತಮ್ಮ ತಂತ್ರವಾಗಿತ್ತೆಂದು ‘ಬೇಡ’ ಬಣದ ಪ್ರಚಾರ ವ್ಯವಸ್ಥಾಪಕರು ಕೆಲವೇ ದಿನಗಳಲ್ಲಿ ಅಲ್ಲಿನ ಪತ್ರಿಕೆಯೊಂದಕ್ಕೆ ತಾವಾಗಿಯೇ ಹೇಳಿದರು. 297 ಪುಟಗಳನ್ನು ಓದುವವರು ಎಷ್ಟು ಮಂದಿ? ಶೀರ್ಷಿಕೆ ಎಲ್ಲರಿಗೂ ಸಿಗುತ್ತದೆ.

ನಮ್ಮ ಕನ್ನಡದಲ್ಲೂ ಎರಡು ಪದಗಳಿವೆ, ‘ಜನಮತಗಣನೆ’ ಮತ್ತು ‘ಅಭಿಪ್ರಾಯ ಸಂಗ್ರಹ’. ಮೊದಲನೆಯದರಲ್ಲಿ ಎಣಿಕೆಯಿದೆ, ಎಣಿಕೆಗೆ ತಲೆಬಾಗಬೇಕೆಂಬ ಭಾವವಿದೆ. ಎರಡನೆಯದರಲ್ಲಿ ಕೇಳಿಸಿಕೊಳ್ಳುವುದಷ್ಟೇ ಇದೆ. 1997ರಲ್ಲಿ ನಡೆದದ್ದು ಎರಡನೆಯದು. ಅದನ್ನು ಮೊದಲನೆಯದರ ಹೆಸರಿನಿಂದ ಕರೆದ ಬರಹ ನಿಮ್ಮ ಕಣ್ಣಿಗೆ ಬಿದ್ದರೆ ಅಲ್ಲೊಂದು ಗುರುತು ಹಾಕಿ.

2011ರಲ್ಲಿ ದಲಾಯಿ ಲಾಮಾ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕರಿಗೆ ಒಪ್ಪಿಸಿದರು. ಹಾಗಾದರೆ ‘ದಲಾಯಿ ಲಾಮಾ ಕೈಗೊಳ್ಳುವ ಯಾವುದೇ ತೀರ್ಮಾನ’ ಎಂದು ಬರೆದುಕೊಟ್ಟವರ ಮಾತಿಗೆ ಈಗ ಏನರ್ಥ? ಇದಕ್ಕೆ ಗ್ರಂಥಾಲಯದಲ್ಲಿ ಉತ್ತರ ಹುಡುಕುವ ಮೊದಲು ಒಂದು ಭಾನುವಾರ ಗುರುಪುರಕ್ಕೋ ಬೈಲಕುಪ್ಪೆಗೋ ಹೋಗಿ ಬನ್ನಿ. ಹಿರಿಯರು ಚಹಾ ಕೊಡುತ್ತಾರೆ, ಕನ್ನಡದಲ್ಲೇ ಮಾತಾಡುವವರೂ ಇದ್ದಾರೆ. ಆಗ ಪತ್ರದಲ್ಲಿ ಏನು ಬರೆದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ‘ಅಥವಾ’ಗಳನ್ನು ಬಿಡದಂತೆ.