ಜ್ಯೂರಿಯೂ ಪಂಚರೂ

ಮನೆಯಲ್ಲಿ ಕಳವಾದರೆ ಪೋಲೀಸರು ಬಂದು, ನೆರೆಯ ಇಬ್ಬರು ಗೃಹಸ್ಥರನ್ನು ಕರೆದು, ಅವರ ಸಮಕ್ಷಮದಲ್ಲಿ ಮಹಜರು ಬರೆಯುವರು. ಆ ಇಬ್ಬರನ್ನು ಪಂಚರೆಂದು ಕರೆಯುವುದು ವಾಡಿಕೆ. ಒಂದು ಕಾಲದಲ್ಲಿ ತೀರ್ಪು ಹೇಳುತ್ತಿದ್ದವರ ಹೆಸರು ಈಗ ರುಜು ಹಾಕುವವರಿಗೆ ಉಳಿದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಅರಸನು ವ್ಯವಹಾರವನ್ನು ಒಬ್ಬನೇ ನೋಡದೆ ಸಭ್ಯರನ್ನು ನೇಮಿಸಿಕೊಳ್ಳಬೇಕೆಂಬ ವಿಧಿಯಿದೆ. ಸಭ್ಯರು ವಿದ್ಯಾವಂತರೂ ಸತ್ಯವಾದಿಗಳೂ ಶತ್ರುಮಿತ್ರರಲ್ಲಿ ಸಮರೂ ಆಗಿರಬೇಕು. ರಾಗ, ಲೋಭ, ಭಯಗಳಿಂದ ಅನ್ಯಾಯವಾಡಿದರೆ ಅವರಿಗೆ ಒಬ್ಬೊಬ್ಬರಿಗೂ ಇಮ್ಮಡಿ ದಂಡ. ಆದರೆ ಆ ಪೀಠವು ಶಾಸ್ತ್ರಜ್ಞರದು. ಒಕ್ಕಲಿಗನಿಗೂ ನೇಕಾರನಿಗೂ ಕುಲ, ಶ್ರೇಣಿಗಳ ಕೂಟಗಳಲ್ಲಿಯೇ ಮಾತಿಗೆ ಎಡೆಯಿದ್ದಿತು.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಡಲು, ಹೊಸಪೇಟೆ, ಕಂಪ್ಲಿಗಳೂ ಹಂಪೆಯ ಪಾಳುನೆಲವೂ ದತ್ತಮಂಡಲದೊಳಗಾದುವು. 1807ರ ವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಸಾಹೇಬನಿಗೆ ಪಂಚಾಯತಿಯಲ್ಲಿ ನಂಬಿಕೆ ದೃಢವಾಗಿತ್ತು. 1816ರ ಮದರಾಸು ರೆಗ್ಯುಲೇಶನ್ನುಗಳು ಸಿವಿಲ್ ವ್ಯಾಜ್ಯಗಳಲ್ಲಿ ಪಂಚಾಯತಿಗೆ ಅಧಿಕಾರವಿತ್ತುವು. ಅವನು ಗವರ್ನರನಾಗಿದ್ದ 1827ರಲ್ಲಿ ಅಪರಾಧ ವಿಚಾರಣೆಗೂ ಜ್ಯೂರಿಯ ರೆಗ್ಯುಲೇಶನ್ನು ಹೊರಟಿತು.

1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಜ್ಯೂರಿಯ ಆಯ್ಕೆಯ ಕ್ರಮವು ಸ್ಪಷ್ಟವಾಗಿದ್ದಿತು. 21ರಿಂದ 60 ವಯಸ್ಸಿನ ಗಂಡಸರ ಪಟ್ಟಿಯನ್ನು ಸೆಷನ್ಸ್ ಜಡ್ಜಿಯೂ ಕಲೆಕ್ಟರನೂ ಸಿದ್ಧಪಡಿಸಿ ಪ್ರಕಟಿಸುವರು. ಆಕ್ಷೇಪಗಳನ್ನು ಕೇಳಿ ತಿದ್ದುವರು. ಕೋರ್ಟಿನಲ್ಲಿ ಚೀಟಿಯೆತ್ತಿ ಜ್ಯೂರರನ್ನು ಆರಿಸುವರು. ಸಾಕ್ಷಿಯ ಭಾಷೆ ತಿಳಿಯದವನನ್ನು ಆಕ್ಷೇಪಿಸಿ ಬಿಡಿಸಬಹುದಾಗಿತ್ತು. ಕಾನೂನಿನ ಪ್ರಶ್ನೆ ಜಡ್ಜಿಯದು. ಸಂಗತಿ ಸತ್ಯವೋ ಅಸತ್ಯವೋ ಎಂಬುದು ಜ್ಯೂರಿಯದು. ಸ್ತ್ರೀಯರಿಗೆ ಮಾತ್ರ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ.

ಜ್ಯೂರಿಯು ಎಲ್ಲ ಜಿಲ್ಲೆಗಳಲ್ಲಿಯೂ ಎಲ್ಲ ಅಪರಾಧಗಳಿಗೂ ಇರಲಿಲ್ಲ. ಎಲ್ಲಿ, ಯಾವುದಕ್ಕೆ ಎಂಬುದನ್ನು ಸರಕಾರವು ಗೊತ್ತುಮಾಡುತ್ತಿದ್ದಿತು. ಉಳಿದೆಡೆ ಅಸೆಸರರು. ಅವರ ಅಭಿಪ್ರಾಯವನ್ನು ಕೇಳಲೇಬೇಕು, ಆದರೆ ಜಡ್ಜಿಯು ಅದಕ್ಕೆ ಬದ್ಧನಲ್ಲ. ಜ್ಯೂರಿಯ ನಿರ್ಣಯವನ್ನಾದರೋ ಸೆಷನ್ಸ್ ಜಡ್ಜಿಯು ತಾನಾಗಿ ತಳ್ಳುವಂತಿರಲಿಲ್ಲ. ಒಪ್ಪದಿದ್ದರೆ ಹೈಕೋರ್ಟಿಗೆ ಬರೆಯಬೇಕು. ಕೇಳಿ ಬಿಡುವ ಮಾತಿಗೂ ಕಟ್ಟುವ ಮಾತಿಗೂ ಇರುವ ಅಂತರವೇ ಇದು. ಘೋರ್ಪಡೆ ಅರಸರ ಸಂಡೂರು ಆಗ ಪ್ರತ್ಯೇಕ ಸಂಸ್ಥಾನ. ಅದು ಮದರಾಸಿಗೆ ಸೇರಿದ್ದು 1949ರಲ್ಲಿ.

ಅಸೆಸರರ ಪದ್ಧತಿ 1955ರ ತಿದ್ದುಪಡಿಯಿಂದ ನಿಂತಿತು. 1958ರಲ್ಲಿ ಕಾನೂನು ಆಯೋಗವು ಜ್ಯೂರಿಯನ್ನೂ ಕೈಬಿಡುವಂತೆ ಸಲಹೆಮಾಡಿತು. ಮರುವರ್ಷ ಮುಂಬಯಿಯ ನಾನಾವತಿ ಮೊಕದ್ದಮೆಯಲ್ಲಿ ಎಂಟಕ್ಕೆ ಒಂದರಂತೆ ಜ್ಯೂರಿಯು ಆರೋಪಿಯನ್ನು ನಿರ್ದೋಷಿಯೆಂದಿತು. ಜಡ್ಜಿಯು ಒಪ್ಪದೆ ಹೈಕೋರ್ಟಿಗೆ ಬರೆಯಲು, ಅಲ್ಲಿ ಅವನಿಗೆ ಶಿಕ್ಷೆಯಾಯಿತು. ಜ್ಯೂರಿಯನ್ನು ಕೊಂದುದು ಈ ಒಂದೇ ಮೊಕದ್ದಮೆಯೆಂಬ ಮಾತು ಸರಿಯಲ್ಲವೆಂಬುದಕ್ಕೆ ಆಯೋಗದ ಸಲಹೆಯೇ ಸಾಕ್ಷಿ. 1974ರ ಏಪ್ರಿಲ್ 1ರಿಂದ ನಡೆದ ಹೊಸ ಕೋಡಿನಲ್ಲಿ ಜ್ಯೂರಿಗೆ ಸ್ಥಾನವೇ ಇಲ್ಲವಾಯಿತು.

ಇಂದು ಹೊಸಪೇಟೆ ವಿಜಯನಗರ ಜಿಲ್ಲೆಯದು. ಕಂಪ್ಲಿ, ಸಂಡೂರುಗಳು ಬಳ್ಳಾರಿಯವು. ಜಿಲ್ಲೆ ಬೇರೆಯಾದರೂ ಪಂಚನ ಕರ್ತವ್ಯ ಒಂದೇ. ಪೀಠ ಹೋಯಿತೆಂದು ಹೊಣೆ ಹೋಗಲಿಲ್ಲ. ನೋಡದ ವಸ್ತುವನ್ನು ನೋಡಿದೆನೆಂದು ದಾಕ್ಷಿಣ್ಯಕ್ಕಾಗಿ ಮಹಜರಿಗೆ ರುಜು ಹಾಕುವವನಿಂದ ನಿರಪರಾಧಿಯು ಸೆರೆಗೆ ಹೋಗಬಹುದು, ಅಪರಾಧಿಯು ಪಾರಾಗಬಹುದು. ರಾಗ, ಲೋಭ, ಭಯಗಳನ್ನು ಕುರಿತು ಸ್ಮೃತಿಕಾರನು ಸಭ್ಯನಿಗೆ ಕೊಟ್ಟ ಎಚ್ಚರಿಕೆಯನ್ನು, ಲೇಖನಿ ಕೈಗೆತ್ತಿಕೊಳ್ಳುವ ಪ್ರತಿಯೊಬ್ಬ ಗೃಹಸ್ಥನೂ ನೆನೆಯುವುದು ಒಳಿತು.