ಸಚೇತಕನ ಚಾಟಿ

ನಮ್ಮ ವಿಧಾನಸಭೆಯಲ್ಲಿ 'ಮುಖ್ಯ ಸಚೇತಕ' ಎಂಬ ಹುದ್ದೆಯಿದೆ. ಸಚೇತಕ ಎಂದರೆ ಎಚ್ಚರಿಸುವವನು. ಇಂಗ್ಲಿಷಿನ 'ವಿಪ್' ಪದಕ್ಕೆ ನಾವು ಮಾಡಿಕೊಂಡಿರುವ ಸಭ್ಯ ಅನುವಾದವಿದು. ಮೂಲ ಅಷ್ಟು ಸಭ್ಯವಲ್ಲ. ಇಂಗ್ಲೆಂಡಿನ ಸಿರಿವಂತರು ನರಿ ಬೇಟೆಗೆ ಹೋಗುವಾಗ, ಚದುರಿದ ನಾಯಿಗಳನ್ನು ಚಾಟಿ ಬೀಸಿ ಗುಂಪಿಗೆ ಸೇರಿಸಲು ಒಬ್ಬ ಆಳನ್ನು ಇಟ್ಟುಕೊಳ್ಳುತ್ತಿದ್ದರು. ಆ ಆಳಿನ ಹೆಸರೇ ಸಂಸತ್ತಿಗೂ ಬಂತು. 1769ರಲ್ಲಿ ಎಡ್ಮಂಡ್ ಬರ್ಕ್ ಸದನದಲ್ಲಿ ಈ ರೂಪಕವನ್ನು ಬಳಸಿದ ಮೇಲೆ ಅದು ರೂಢಿಗೆ ಬಂತೆಂದು ಹೇಳುವುದುಂಟು. ವಿಚಿತ್ರವೆಂದರೆ, ಪ್ರತಿನಿಧಿಯಾದವನು ತನ್ನ ವಿವೇಚನೆಯನ್ನು ಮತದಾರರ ಇಚ್ಛೆಗೂ ಒತ್ತೆಯಿಡಬಾರದು ಎಂದು 1774ರಲ್ಲಿ ಬ್ರಿಸ್ಟಲ್‌ನ ಮತದಾರರಿಗೇ ಹೇಳಿದವನೂ ಇದೇ ಬರ್ಕ್. 1780ರಲ್ಲಿ ಅಲ್ಲಿ ಗೆಲ್ಲುವ ಸೂಚನೆ ಕಾಣದೆ ಆತ ಕಣದಿಂದ ಹಿಂದೆ ಸರಿಯಬೇಕಾಯಿತು.

ಬ್ರಿಟನ್ನಿನಲ್ಲಿ ವಿಪ್ ಎಂದರೆ ಪಕ್ಷ ತನ್ನ ಸದಸ್ಯರಿಗೆ ಕಳಿಸುವ ಕರೆಯೋಲೆಯೂ ಹೌದು. ವಿಷಯದ ಕೆಳಗೆ ಒಂದು ಗೆರೆ ಎಳೆದಿದ್ದರೆ ಬಂದರೆ ಒಳ್ಳೆಯದು, ಮೂರು ಗೆರೆಯಿದ್ದರೆ ಬಂದು ಪಕ್ಷ ಹೇಳಿದಂತೆ ಮತ ಹಾಕಲೇಬೇಕು ಎಂದರ್ಥ. ಮೀರಿದವನಿಗೆ ಮಂತ್ರಿಗಿರಿ ತಪ್ಪಬಹುದು, ಪಕ್ಷವೇ ಹೊರಗೆ ಹಾಕಬಹುದು. ಆದರೆ ಸಂಸತ್ ಸದಸ್ಯತ್ವಕ್ಕೆ ಧಕ್ಕೆಯಿಲ್ಲ.

ಭಾರತದಲ್ಲಿ ಈ ಚಾಟಿ ಕಾನೂನಿನ ಬಲ ಪಡೆದದ್ದು 1985ರಲ್ಲಿ. ಅದಕ್ಕೆ ಕಾರಣಗಳಿದ್ದವು. 1967ರಲ್ಲಿ ಹರಿಯಾಣದ ಶಾಸಕ ಗಯಾಲಾಲ್ ಹದಿನೈದು ದಿನಗಳೊಳಗೆ ಮೂರು ಬಾರಿ ಪಕ್ಷ ಬದಲಿಸಿ 'ಆಯಾರಾಂ ಗಯಾರಾಂ' ಎಂಬ ಮಾತನ್ನೇ ಹುಟ್ಟಿಸಿದ್ದರು. ರಾಜೀವ್ ಗಾಂಧಿ ಸರ್ಕಾರ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಅದರಲ್ಲಿ ವಿಪ್ ಎಂಬ ಪದವಿಲ್ಲ. ಇರುವುದು ಪಕ್ಷದ 'ನಿರ್ದೇಶನ'. ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಹದಿನೈದು ದಿನಗಳೊಳಗೆ ಪಕ್ಷ ಮನ್ನಿಸದಿದ್ದಲ್ಲಿ, ಸದಸ್ಯತ್ವವೇ ಹೋಗುತ್ತದೆ. ತನ್ನನ್ನು ಮಾರಿಕೊಂಡವನಿಗೂ ಮನಸ್ಸೊಪ್ಪದೆ ಬೇರೆ ನಿಂತವನಿಗೂ ಒಂದೇ ಶಿಕ್ಷೆ. ಸರ್ಕಾರ ಬೀಳುವ ಮತಕ್ಕೂ ಸಣ್ಣದೊಂದು ಮಸೂದೆಗೂ ಒಂದೇ ನಿಯಮ.

ಮರುವರ್ಷವೇ ಇದರ ಪರೀಕ್ಷೆಯಾಯಿತು. ಶಾಬಾನು ತೀರ್ಪಿನ ನಂತರ, 1986ರಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆಯರ ಮಸೂದೆ ಲೋಕಸಭೆಗೆ ಬಂದಾಗ ಕಾಂಗ್ರೆಸ್ ಮೂರು ಗೆರೆಯ ವಿಪ್ ಹೊರಡಿಸಿತು. ಆರಿಫ್ ಮುಹಮ್ಮದ್ ಖಾನ್ ಮಂತ್ರಿಸ್ಥಾನ ಬಿಟ್ಟರು. ಮಸೂದೆ ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ, ಅದನ್ನಿಲ್ಲಿ ಎತ್ತುವುದಿಲ್ಲ. ಆದರೆ ಶರೀಅತ್ ಮತ್ತು ಸಂಸಾರಕ್ಕೆ ಸಂಬಂಧಿಸಿದ ಇಷ್ಟು ಸೂಕ್ಷ್ಮ ಪ್ರಶ್ನೆಯಲ್ಲಿ ನಾನೂರಕ್ಕೂ ಹೆಚ್ಚು ಸದಸ್ಯರಿದ್ದ ಪಕ್ಷದಲ್ಲಿ ಯಾರು ಮನಃಪೂರ್ವಕ ಒಪ್ಪಿದ್ದರು, ಯಾರು ಆಜ್ಞೆಗೆ ಕೈಯೆತ್ತಿದರು ಎಂಬುದು ಮಸೂದೆಯ ಪರ ಇದ್ದವರಿಗೂ ತಿಳಿಯಲಿಲ್ಲ, ವಿರುದ್ಧ ಇದ್ದವರಿಗೂ ತಿಳಿಯಲಿಲ್ಲ. ಮರಣದಂಡನೆಯ ರದ್ದತಿ, ಗರ್ಭಪಾತದಂಥ ವಿಷಯಗಳಲ್ಲಿ ಬ್ರಿಟನ್ನಿನ ಪಕ್ಷಗಳು ಸದಸ್ಯರನ್ನು ಅವರ ಮನಸ್ಸಾಕ್ಷಿಗೆ ಬಿಟ್ಟಿದ್ದವು. ಇಲ್ಲಿ ಆ ಯೋಚನೆಯೇ ಬರಲಿಲ್ಲ.

1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ನಡೆದದ್ದು ಇನ್ನೂ ದೊಡ್ಡದು. ಜಯಲಲಿತಾ ಬೆಂಬಲ ಹಿಂತೆಗೆದುಕೊಂಡ ಮೇಲೆ ವಾಜಪೇಯಿ ವಿಶ್ವಾಸಮತ ಕೇಳಿದ್ದರು. ಅಂದು ಇಬ್ಬರ ಮೇಲೆ ಎಲ್ಲರ ಕಣ್ಣಿತ್ತು. ಒಬ್ಬರು ಗಿರಿಧರ್ ಗಮಾಂಗ್. ಒಡಿಶಾದ ಮುಖ್ಯಮಂತ್ರಿಯಾಗಿ ಎರಡು ತಿಂಗಳಾಗಿದ್ದರೂ ಲೋಕಸಭಾ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ. ಅವರು ಮತ ಹಾಕಬಹುದೇ ಎಂಬ ಪ್ರಶ್ನೆ ಎದ್ದಾಗ ಸ್ಪೀಕರ್ ಬಾಲಯೋಗಿ ಅದನ್ನು ಅವರ ವಿವೇಚನೆಗೇ ಬಿಟ್ಟರು. ಗಮಾಂಗ್ ತಮ್ಮ ಪಕ್ಷ ಕಾಂಗ್ರೆಸ್ ಹೇಳಿದಂತೆ ಸರ್ಕಾರದ ವಿರುದ್ಧ ಮತ ಹಾಕಿದರು. ಇನ್ನೊಬ್ಬರು ಬಾರಾಮುಲ್ಲಾದ ಸೈಫುದ್ದೀನ್ ಸೋಜ್. ಅವರ ಪಕ್ಷ ನ್ಯಾಷನಲ್ ಕಾನ್ಫರೆನ್ಸ್ ಸರ್ಕಾರದ ಪರ ನಿಲ್ಲುವಂತೆ ವಿಪ್ ಕೊಟ್ಟಿತ್ತು. ಸೋಜ್ ಅದನ್ನು ಮೀರಿ ವಿರುದ್ಧ ಮತ ಹಾಕಿದರು. ವಿವೇಚನೆಗೆ ಬಿಟ್ಟವರು ಪಕ್ಷದ ಜೊತೆ ಹೋದರು, ಪಕ್ಷ ಕಟ್ಟಿಹಾಕಿದವರು ವಿವೇಚನೆಯ ಜೊತೆ ಹೋದರು! ಪರ 269, ವಿರುದ್ಧ 270. ಸರ್ಕಾರ ಒಂದು ಮತದಿಂದ ಬಿತ್ತು.

ಫಾರೂಕ್ ಅಬ್ದುಲ್ಲಾ ಸೋಜ್‌ರನ್ನು ಪಕ್ಷದಿಂದ ಹೊರಹಾಕಿದರು. ಸದಸ್ಯತ್ವದ ಮಾತು ಮುಂದುವರಿಯಲಿಲ್ಲ. ಏಪ್ರಿಲ್ 26ರಂದು ಲೋಕಸಭೆಯೇ ವಿಸರ್ಜನೆಯಾಯಿತು. ಕಾನೂನು ಹೇಳಿದ ಹದಿನೈದು ದಿನಗಳು ಆಗಿನ್ನೂ ತುಂಬಿರಲಿಲ್ಲ. ಸೋಜ್ ಮುಂದೆ ಕಾಂಗ್ರೆಸ್ ಸೇರಿ ಕೇಂದ್ರದಲ್ಲಿ ಜಲಸಂಪನ್ಮೂಲ ಮಂತ್ರಿಯಾದರು. ಅದನ್ನು ತೋರಿಸಿ ಅಂದಿನ ಮತದ ಬಗ್ಗೆ ಕೊಂಕು ನುಡಿಯುವವರಿದ್ದಾರೆ. ಆದರೆ ಆ ಮಂತ್ರಿಗಿರಿ ಬಂದದ್ದು ಏಳು ವರ್ಷಗಳ ನಂತರ.

1992ರಲ್ಲೇ ಕಿಹೊಟೊ ಹೊಲ್ಲೊಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿದರೂ, ಇಂಥ ನಿರ್ದೇಶನ ವಿಶ್ವಾಸಮತಕ್ಕೆ ಮತ್ತು ಪಕ್ಷದ ಮೂಲಭೂತ ಕಾರ್ಯಕ್ರಮಗಳಿಗೆ ಸೀಮಿತವಾಗಿರುವುದು ಒಳ್ಳೆಯದೆಂದಿತ್ತು. ಆ ಮಿತಿಯೊಳಗೂ ಸೋಜ್ ಸಿಕ್ಕಿಬೀಳುತ್ತಿದ್ದರು, ನಿಜ. ಆದರೆ 1986ರಂಥ ಮಸೂದೆಗಳಲ್ಲಿ ಸದಸ್ಯರಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. 2003ರಲ್ಲಿ ಹತ್ತನೇ ಅನುಸೂಚಿಯನ್ನು ತಿದ್ದಿದಾಗಲೂ ಸಂಸತ್ತು ಈ ಅಂಶವನ್ನು ಮುಟ್ಟಲಿಲ್ಲ. ಅದೇ ವರ್ಷ ಮಾರ್ಚ್ 18ರಂದು ಬ್ರಿಟನ್ನಿನಲ್ಲಿ ಇರಾಕ್ ಯುದ್ಧದ ಪ್ರಶ್ನೆ ಬಂದಾಗ, ಟೋನಿ ಬ್ಲೇರ್ ಅವರದೇ ಪಕ್ಷದ 139 ಸದಸ್ಯರು ಮೂರು ಗೆರೆಯ ವಿಪ್ ಮೀರಿ, ಯುದ್ಧಕ್ಕೆ ಇನ್ನೂ ಕಾರಣ ಸಿಕ್ಕಿಲ್ಲವೆಂಬ ತಿದ್ದುಪಡಿಗೆ ಮತ ಹಾಕಿದರು. ಯುದ್ಧ ನಿಲ್ಲಲಿಲ್ಲ. ಆದರೆ ಅವರಲ್ಲಿ ಒಬ್ಬರೂ ಅದಕ್ಕಾಗಿ ಸ್ಥಾನ ಕಳೆದುಕೊಳ್ಳಲಿಲ್ಲ, ಯಾರು ಯಾವ ಕಡೆಗಿದ್ದರೆಂಬುದು ದಾಖಲೆಯಲ್ಲಿ ಉಳಿಯಿತು.

ಇನ್ನು, ಈ ಕಾನೂನು ಯಾರನ್ನು ಹಿಡಿಯಲು ಬಂತೋ ಅವರ ವಿಷಯ. 2019ರ ಜುಲೈನಲ್ಲಿ ಕರ್ನಾಟಕದ ಮೈತ್ರಿ ಪಕ್ಷಗಳ ಶಾಸಕರು ರಾಜೀನಾಮೆ ಬರೆದು ಮುಂಬೈಯ ಹೋಟೆಲ್ ಸೇರಿದರು. ಸದನಕ್ಕೆ ಬರುವಂತೆ ಅವರನ್ನು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 17ರಂದು ಆದೇಶಿಸಿತು. 23ರಂದು ಕುಮಾರಸ್ವಾಮಿ ಸರ್ಕಾರ 99–105ರಿಂದ ಸೋತಿತು. ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದರೂ ಚುನಾವಣೆಗೆ ನಿಲ್ಲಲು ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು, ಮುಂದಿನ ಫೆಬ್ರವರಿಯಲ್ಲಿ ಹಲವರು ಮಂತ್ರಿಗಳೂ ಆದರು.